ಬೆಕ್ಕಿಗೆ ಚಿಗಟವೇ? ಮೊದಲು ಅದು ಮಲಗುವ ಜಾಗ ನೋಡಿ

ಶಿರಸಿ ಕಡೆ ಮಳೆ ಹಿಡಿಯಿತೆಂದರೆ ಬೆಕ್ಕು ಬಚ್ಚಲೊಲೆ ಹತ್ತಿರದ ಗೋಣಿಚೀಲ ಬಿಟ್ಟು ಏಳುವುದಿಲ್ಲ. ಚಿಗಟಕ್ಕೂ ಬೇಕಾದದ್ದು ಅದೇ: ಬೆಚ್ಚಗಿನ ಜಾಗ, ತೇವದ ಗಾಳಿ. ಬೆಕ್ಕಿನ ಮೈಗೆ ಮಾತ್ರ ಔಷಧ ಹಾಕಿ ಸುಮ್ನೆ ಕೂತರೆ ಸ್ವಲ್ಪ ದಿನಕ್ಕೆ ಮತ್ತೆ ತುರಿಕೆ ಶುರು.

ಚಿಗಟಕ್ಕೆ ರೆಕ್ಕೆ ಇಲ್ಲ. ಅದರ ಎದೆಭಾಗದಲ್ಲಿ, ಹಿಂಗಾಲಿನ ಬುಡಕ್ಕೆ, ರೆಸಿಲಿನ್ ಎಂಬ ರಬ್ಬರಿನಂಥ ವಸ್ತುವಿದೆ. ಸ್ನಾಯು ಅದನ್ನು ನಿಧಾನಕ್ಕೆ ಅದುಮಿ ಹಿಡಿಯುತ್ತದೆ, ಬಿಟ್ಟ ಕೂಡಲೇ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತಿನಲ್ಲಿ ಹುಳು ನೆಲ ಒದ್ದು ಹಾರಿರುತ್ತದೆ. ಬರೀ ಸ್ನಾಯುಬಲದಿಂದ ಇಷ್ಟು ವೇಗ ಬರುವುದಿಲ್ಲ. ಒದೆಯುವುದು ಮೊಣಕಾಲಿನಿಂದಲೋ ಪಾದದಿಂದಲೋ ಎಂಬ ಹಳೆಯ ವಾದವನ್ನು 2011ರಲ್ಲಿ ಕೇಂಬ್ರಿಜ್ ವಿಜ್ಞಾನಿಗಳು ಹೈಸ್ಪೀಡ್ ಕ್ಯಾಮೆರಾದಲ್ಲಿ ನೋಡಿ ಬಗೆಹರಿಸಿದರು. ಪಾದದಿಂದಲೇ. 2-3 ಮಿ.ಮೀ. ಹುಳು ಹೆಚ್ಚುಕಮ್ಮಿ ಗೇಣೆತ್ತರ ಜಿಗಿಯುತ್ತದೆ, ಎಷ್ಟು ಚಂದದ ರಚನೆ ಅಲ್ವಾ!

ಆದರೆ ಒಮ್ಮೆ ಮೈ ಹತ್ತಿದ ಚಿಗಟ ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ. ಹೊಸದಾಗಿ ಹತ್ತುವುದು ಜಾಸ್ತಿ ನೆಲದಿಂದಲೇ. ಹೆಣ್ಣು ದಿನಕ್ಕೆ 40ರವರೆಗೂ ಮೊಟ್ಟೆ ಇಡುತ್ತದೆ, ಅವು ಜಾರಿ ಕೆಳಗೆ ಬೀಳುತ್ತವೆ. ಮರಿಹುಳು ಬೆಳೆದು ಗೂಡು ಕಟ್ಟಿಕೊಂಡರೆ ಒಳಗೇ ತಿಂಗಳುಗಟ್ಟಲೆ ಕಾಯಬಲ್ಲದು, ನಡೆದಾಡುವ ಅದುರು, ಮೈಬಿಸಿ, ಉಸಿರು ಸೋಕಿದ ಕೂಡಲೇ ಹೊರಬಂದು ಜಿಗಿಯುತ್ತದೆ. ಮುಂಬೈಯಿಂದ ರಜೆಗೆ ಬಂದು ಕಾರವಾರದ ಮನೆಯ ಬೀಗ ತೆಗೆದವರ ಕಾಲು ಕಚ್ಚುವುದು ಇಂಥವೇ.

ಈಗ ಕೆಲಸ. ಬೆಕ್ಕನ್ನು ಬಿಳಿ ಬಟ್ಟೆಯ ಮೇಲೆ ಕೂರಿಸಿ ಹೇನಿನ ಹಣಿಗೆಯಿಂದ ಬಾಚಿ. ಉದುರಿದ ಕಪ್ಪು ಪುಡಿಗೆ ನೀರು ತಾಗಿಸಿದಾಗ ಕೆಂಪು ಬಿಟ್ಟರೆ ಅದು ಚಿಗಟದ ಹಿಕ್ಕೆ. ಸಿಕ್ಕ ಹುಳುಗಳನ್ನು ಸೋಪಿನ ನೀರಿಗೆ ಹಾಕಿ. ಅದೇ ದಿನ ಗೋಣಿಚೀಲ ಸುಟ್ಟುಬಿಡಿ, ಹಾಸಿಗೆ ಬಟ್ಟೆಯನ್ನು ಹಂಡೆಯ ಕುದಿನೀರಿನಲ್ಲಿ ನೆನೆಸಿ. ಮೂಲೆ, ಬಿರುಕು, ಮಂಚದಡಿ ಗುಡಿಸಿ. ಕೊಟ್ಟಿಗೆಯಲ್ಲಿ ನಾಯಿ ಮಲಗುವ ದರಕೂ (ಒಣಗಿದ ಎಲೆ) ಹೊರಗೆ ಹೋಗಲಿ. ಗೂಡಿನೊಳಗಿನವಕ್ಕೆ ಔಷಧ ಅಷ್ಟಾಗಿ ತಾಗುವುದಿಲ್ಲ, ಹಾಗಾಗಿ ಕೆಲವು ವಾರ ಗುಡಿಸುವುದು, ಒಗೆಯುವುದು ಬಿಡಬೇಡಿ.

ಉಣುಗು ಬೇರೆ, ಅದು ಜಿಗಿಯುವುದಿಲ್ಲ, ಸೊಪ್ಪು-ದರಕಿನಿಂದ ಮೈಗೆ ಹತ್ತುತ್ತದೆ. ಮಂಗನ ಕಾಯಿಲೆ ಹರಡುವುದು ಉಣುಗು, ಚಿಗಟವಲ್ಲ.

ಮನೆಯ ನಾಯಿ-ಬೆಕ್ಕುಗಳಿಗೆಲ್ಲ ಒಂದೇ ದಿನ ಔಷಧ ಹಾಕಿ, ಪಶುವೈದ್ಯರನ್ನು ಕೇಳಿಯೇ ಹಾಕಿ. ಪರ್ಮೆಥ್ರಿನ್ ಇರುವ ನಾಯಿ ಔಷಧವನ್ನು ಬೆಕ್ಕಿಗೆ ಹಚ್ಚಲೇಬೇಡಿ, ಅದರಿಂದ ಬೆಕ್ಕು ಸಾಯಬಹುದು.