ಡೆಂಟಲ್ ಅಸಿಸ್ಟೆಂಟ್ ಆಗೋಕೆ ಸೇರಿದೀರಾ? ಮೊದಲು ಆಟೋಕ್ಲೇವ್ ಅರ್ಥ ಮಾಡ್ಕೊಳ್ಳಿ

ಹೊಸದಾಗಿ ಕ್ಲಿನಿಕ್‌ಗೆ ಸೇರಿದೋರು ನನ್ನ ಹತ್ರ ಬಂದು ಕೇಳೋದು ಒಂದೇ, ಅಕ್ಕಾ ಇಷ್ಟೊಂದು ಇನ್‌ಸ್ಟ್ರುಮೆಂಟ್ ಹೆಸರು ಹೆಂಗೆ ನೆನಪಿಟ್ಕೊಳ್ಳೋದು ಅಂತ. ಹೆಸರು ಹದಿನೈದು ದಿನದಲ್ಲಿ ತಾನಾಗೇ ಬಾಯಿಗೆ ಬರ್ತವೆ ಬಿಡಿ. ಯಾಕೆ ಮೊದಲು ತೊಳೀಬೇಕು, ಯಾಕೆ ಒಣಗಿಸಿ ತೆಗೀಬೇಕು, ಡಾಕ್ಟ್ರು ಯಾಕೆ ಇವತ್ತು ಹಲ್ಲು ಕೀಳಲ್ಲ ಅಂದ್ರು, ಇದನ್ನೆಲ್ಲ ಕೇಳಿ ಕೇಳಿ ಕಲೀಬೇಕು. ಕಾರಣ ಗೊತ್ತಿದ್ದೋರು ಹೊರಗೆ ಹತ್ತು ಪೇಷಂಟ್ ಕಾಯ್ತಾ ಕೂತಿದ್ರೂ ಒಂದು ಸ್ಟೆಪ್ ಬಿಡಲ್ಲ.

ನಾನು ಸೇರಿದ ಮೊದಲ ತಿಂಗಳು, ಒಂದು ಶನಿವಾರ, ತುಂಬಾ ರಶ್ ಇತ್ತು, ಒಂದೇ ಸಲಕ್ಕೆ ಮುಗೀಲಿ ಅಂತ ಇನ್‌ಸ್ಟ್ರುಮೆಂಟ್ ಹಾಕಿ ಸೀಲ್ ಮಾಡಿದ ಪೌಚ್‌ಗಳನ್ನೆಲ್ಲ ಒಂದರ ಮೇಲೊಂದು ಒತ್ತಿ ಆಟೋಕ್ಲೇವ್, ಅಂದ್ರೆ ಬಿಸಿ ಆವಿಯಿಂದ ಕ್ರಿಮಿ ಕೊಲ್ಲೋ ಮಶೀನ್, ತುಂಬಿಸಿಬಿಟ್ಟೆ. ಸೈಕಲ್ ಮುಗೀತು, ಬಿಸಿಗೆ ಬಣ್ಣ ಬದಲಾಗೋ ಟೇಪ್ ಮೇಲೆ ಕಪ್ಪು ಗೆರೆ ಬಂದಿತ್ತು, ನಾನು ಖುಷಿಯಾಗಿ ತೆಗೆದೆ. ಮಧ್ಯದ ಪೌಚ್‌ಗಳು ಮುಟ್ಟಿದ್ರೆ ಒದ್ದೆ ಒದ್ದೆ. ಸೀನಿಯರ್ ಅಕ್ಕ ನೋಡಿ ಬೈಲಿಲ್ಲ, ಒಂದು ಪ್ರಶ್ನೆ ಕೇಳಿದ್ರು: "ಮನೇಲಿ ಕುಕ್ಕರ್‌ಗೆ ವೆಯ್ಟ್ ಯಾವಾಗ ಹಾಕ್ತೀಯಾ?" ಆವಿ ಜೋರಾಗಿ ಬಂದ್ಮೇಲೆ ಅಂದೆ. "ಯಾಕೆ ಅಂತ ಯೋಚ್ನೆ ಮಾಡು" ಅಂದು ಅಷ್ಟನ್ನೂ ಬಿಚ್ಚಿ ಹೊಸ ಪೌಚ್‌ಗೆ ಹಾಕಿಸಿದ್ರು.

ವಿಷಯ ಏನಪ್ಪಾ ಅಂದ್ರೆ, ಒಳಗಿರೋ ಗಾಳಿ ಪೂರ್ತಿ ಹೊರಗೆ ಹೋಗ್ಬೇಕು, ಆ ಜಾಗಕ್ಕೆ ಆವಿ ಬರ್ಬೇಕು. ಕೊಲ್ಲೋದು ಆವಿ. ಒಂದು ಗ್ರಾಂ ಆವಿ ತಣ್ಣಗಿರೋ ಸ್ಟೀಲಿಗೆ ತಾಗಿ ನೀರಾಗುವಾಗ ಸುಮಾರು 540 ಕ್ಯಾಲೊರಿ ಶಾಖ ಬಿಡುತ್ತೆ, ಅದೇ ಒಂದು ಗ್ರಾಂ ನೀರನ್ನ 0ಯಿಂದ 100 ಡಿಗ್ರಿಗೆ ಕಾಯಿಸೋಕೆ ಬೇಕಾಗೋದು 100 ಕ್ಯಾಲೊರಿ ಅಷ್ಟೇ. ಆ ಶಾಖ, ಆ ತೇವ ಸೇರಿ ಬ್ಯಾಕ್ಟೀರಿಯಾ ಒಳಗಿನ ಪ್ರೋಟೀನನ್ನ ಮೊಟ್ಟೆ ಬೆಂದು ಗಟ್ಟಿಯಾಗೋ ಥರ ಗಟ್ಟಿ ಮಾಡಿಬಿಡುತ್ತೆ. ಒಣ ಶಾಖದಲ್ಲಿ ಇದೇ ಕೆಲಸಕ್ಕೆ 160 ಡಿಗ್ರೀಲಿ 2 ಗಂಟೆ ಬೇಕು. ಪೌಚ್ ಒತ್ತೊತ್ತಾಗಿ ಇಟ್ರೆ ಮಧ್ಯದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತೆ, ಅಲ್ಲಿಗೆ ಆವಿ ಹೋಗಲ್ಲ, ಕೆಲಸ ಆಗಲ್ಲ. ಅದಕ್ಕೇ ಪೌಚ್‌ಗಳನ್ನ ನಿಲ್ಲಿಸಿ, ನಡುವೆ ಜಾಗ ಬಿಟ್ಟು ಇಡಿ. ಪೂರ್ತಿ ಒಣಗಿದ ಮೇಲೇ ತೆಗೀರಿ, ಒದ್ದೆ ಕಾಗದದ ಮೂಲಕ ಹೊರಗಿನ ಕ್ರಿಮಿ ಒಳಗೆ ಇಳಿಯುತ್ತೆ.

ಟೈಮ್ ವಿಷಯ: ಆವಿಯೇ ಗಾಳಿಯನ್ನ ಹೊರಗೆ ತಳ್ಳೋ ಸಾಧಾರಣ ಗ್ರಾವಿಟಿ ಮಶೀನಲ್ಲಿ ಪ್ಯಾಕ್ ಮಾಡಿದ ಸಾಮಾನಿಗೆ 121 ಡಿಗ್ರೀಲಿ 30 ನಿಮಿಷ, ಪಂಪಿನಿಂದ ಗಾಳಿ ಎಳೆದು ತೆಗೆಯೋ ವ್ಯಾಕ್ಯೂಮ್ ಇರೋ ಬಿ ಕ್ಲಾಸ್ ಮಶೀನಲ್ಲಿ 134ರಲ್ಲಿ ಸುಮಾರು 4 ನಿಮಿಷ, ಆದ್ರೂ ನಿಮ್ಮ ಮಶೀನಿನ ಮ್ಯಾನ್ಯುಯಲ್ ಏನು ಹೇಳುತ್ತೋ ಅದೇ ಫೈನಲ್. ಲೆಕ್ಕ ಶುರುವಾಗೋದು ಸ್ವಿಚ್ ಒತ್ತಿದಾಗ ಅಲ್ಲ, ಆ ಟೆಂಪರೇಚರ್ ಮುಟ್ಟಿದ ಮೇಲೆ. ಇನ್ನು ಟೇಪಿನ ಕಪ್ಪು ಗೆರೆ ಹೇಳೋದು ಹೊರಗೆ ಬಿಸಿ ತಾಗಿದೆ ಅಂತ ಮಾತ್ರ. ನಿಜವಾಗ್ಲೂ ಸತ್ತಿದೆಯಾ ಅಂತ ತಿಳಿಯೋಕೆ ವಾರಕ್ಕೊಂದ್ಸಲ ಸ್ಪೋರ್ ಟೆಸ್ಟ್ ಇಡಬೇಕು, ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಅನ್ನೋ ಬ್ಯಾಕ್ಟೀರಿಯಾದ ಸ್ಪೋರ್, ಅಂದ್ರೆ ಗಟ್ಟಿ ಚಿಪ್ಪಿನೊಳಗೆ ಮಲಗಿರೋ ರೂಪ ಅದು, ಬಿಸಿಗೆ ಭಯಂಕರ ಗಟ್ಟಿ, ಅದೇ ಸತ್ತಿದ್ರೆ ಉಳಿದಿದ್ದೂ ಸತ್ತಿದೆ ಅಂತ ಧೈರ್ಯ.

ಮತ್ತೆ, ತೊಳೀದೆ ಆಟೋಕ್ಲೇವ್‌ಗೆ ಹಾಕ್ಬೇಡಿ. ಒಣಗಿದ ರಕ್ತ, ಎಂಜಲು ಕ್ರಿಮಿಗೆ ಕಂಬಳಿ ಹೊದಿಸಿದ ಹಾಗೆ.

ಈಗ ಸೂಜಿ. ಇದನ್ನ ದಯವಿಟ್ಟು ಎರಡು ಸಲ ಓದಿ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ, ಕೌಂಟರ್ ಮೇಲೆ, ಕನಿಷ್ಠ 7 ದಿನ ಬದುಕಿರುತ್ತೆ. ಲಸಿಕೆ ಹಾಕಿಸ್ಕೊಳ್ಳದೇ ಇರೋರಿಗೆ ಸೋಂಕಿರೋ ಪೇಷಂಟ್‌ನ ಸೂಜಿ ಚುಚ್ಚಿದ್ರೆ ಹೆಪಟೈಟಿಸ್ ಬಿ ಬರೋ ಸಾಧ್ಯತೆ 100ಕ್ಕೆ 30ರವರೆಗೂ ಇದೆ, ಎಚ್‌ಐವಿಗೆ ಅದು 1000ಕ್ಕೆ ಸುಮಾರು 3. ಎಲ್ಲರೂ ಎಚ್‌ಐವಿಗೆ ಹೆದರ್ತಾರೆ, ಹೆಪಟೈಟಿಸ್ ಲಸಿಕೆ ಮಾತ್ರ ಆಮೇಲೆ ಅಂತಾರೆ! 0, 1, 6 ತಿಂಗಳು, ಮೂರು ಡೋಸ್, ಆಮೇಲೆ ಒಂದೆರಡು ತಿಂಗಳಿಗೆ ರಕ್ತ ಟೆಸ್ಟ್ ಮಾಡಿಸಿ ಆಂಟಿಬಾಡಿ 10 mIU/mLಗಿಂತ ಜಾಸ್ತಿ ಇದೆಯಾ ನೋಡ್ಕೊಳ್ಳಿ. ಸೂಜಿ ಕ್ಯಾಪ್ ಎರಡು ಕೈಯಲ್ಲಿ ಹಾಕ್ಲೇಬೇಡಿ, ಕ್ಯಾಪನ್ನ ಟ್ರೇ ಮೇಲಿಟ್ಟು ಒಂದೇ ಕೈಯಲ್ಲಿ ತೂರಿಸಿ. ಚುಚ್ಚಿದ್ರೆ ಹಿಂಡಬೇಡಿ, ಸೋಪು ನೀರಲ್ಲಿ ತೊಳೆದು ಆಗ್ಲೇ ಹೇಳಿ, ಮುಚ್ಚಿಡಬೇಡಿ, ಎಚ್‌ಐವಿ ತಡೆಯೋ ಮಾತ್ರೆ ಬೇಕಾದ್ರೆ 72 ಗಂಟೆ ಒಳಗೇ ಶುರುವಾಗ್ಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು.

ಕಸ ಹಾಕುವಾಗ ಸೂಜಿ ಬಿಳಿ ಡಬ್ಬಕ್ಕೆ, ಗ್ಲೌಸ್ ಕೆಂಪಿಗೆ, ರಕ್ತದ ಹತ್ತಿ ಹಳದಿಗೆ, ಗಾಜು ನೀಲಿಗೆ. ಕಿತ್ತ ಹಲ್ಲೂ ಹಳದಿಗೇ, ಆದ್ರೆ ಬೆಳ್ಳಿ ಬಣ್ಣದ ಅಮಾಲ್ಗಮ್ ಫಿಲ್ಲಿಂಗ್ ಇದ್ರೆ ಬೇರೆ ಇಡಿ, ಹಳದಿ ಕಸ ಸುಡ್ತಾರೆ, ಅದರೊಳಗಿನ ಪಾದರಸ ಹೊಗೆಯಾಗಿ ಗಾಳಿಗೆ ಸೇರುತ್ತೆ.

ಹಲ್ಲಿನ ನಂಬರ್ ಸುಲಭ, ಎರಡು ಅಂಕಿ, ಮೊದಲನೇದು ಬಾಯಿಯ ಯಾವ ಭಾಗ ಅಂತ. ಪೇಷಂಟ್‌ನ ಬಲಗಡೆ ಮೇಲೆ 1, ಎಡಗಡೆ ಮೇಲೆ 2, ಎಡ ಕೆಳಗೆ 3, ಬಲ ಕೆಳಗೆ 4. ಎರಡನೇ ಅಂಕಿ ಮಧ್ಯದಿಂದ ಹಿಂದಕ್ಕೆ 1ರಿಂದ 8. 36 ಅಂದ್ರೆ ಮೂವತ್ತಾರನೇ ಹಲ್ಲಲ್ಲ, ತ್ರೀ ಸಿಕ್ಸ್, ಎಡ ಕೆಳಗಿನ ಆರನೇದು. ಮಕ್ಕಳ ಹಾಲುಹಲ್ಲಿಗೆ ಮೊದಲ ಅಂಕಿ 1ರಿಂದ 4ರ ಬದಲು 5ರಿಂದ 8. ಎಡ ಬಲ ನಿಮ್ಮದಲ್ಲ, ಪೇಷಂಟ್‌ದು.

ಆ ತ್ರೀ ಸಿಕ್ಸ್ ಹಲ್ಲಿಗೆ ಕೀವು ತುಂಬಿ ಮುಖ ಊದಿಸ್ಕೊಂಡು ಬಂದೋರಿಗೆ ಇಂಜೆಕ್ಷನ್ ಕೊಟ್ರೂ ನೋವು ನೋವು ಅಂತಾರೆ. ಸುಳ್ಳು ಹೇಳ್ತಿಲ್ಲ ಅವರು. ಆ ಇಂಜೆಕ್ಷನ್‌ನಲ್ಲಿರೋ ಜೋಮು ಹಿಡಿಸೋ ಮದ್ದು ಲಿಗ್ನೋಕೇನ್ ನರದೊಳಗೆ ಹೋಗ್ಬೇಕಂದ್ರೆ ಅದರ ಕಣಕ್ಕೆ ಚಾರ್ಜ್ ಇರಬಾರದು, ಕೀವಿರೋ ಜಾಗ ಆಮ್ಲೀಯ, ಅಲ್ಲಿ ಹೆಚ್ಚಿನ ಕಣಗಳು ಚಾರ್ಜ್ ಆಗಿ ನರದ ಹೊರಗೇ ನಿಂತುಬಿಡ್ತವೆ. ಅದಕ್ಕೇ ಡಾಕ್ಟ್ರು ಕೆಲವು ಸಲ ಮೊದಲು ಕೀವು ತೆಗೆದು, ಬೇಕಾದ್ರೆ ಆಂಟಿಬಯೋಟಿಕ್ ಕೊಟ್ಟು ಕಳಿಸ್ತಾರೆ, ಇಲ್ಲಾಂದ್ರೆ ದೂರದಲ್ಲಿ ನರ ಸಿಗೋ ಕಡೆ ಬ್ಲಾಕ್, ಅಂದ್ರೆ ಆ ನರಕ್ಕೇ ಜೋಮು ಹಿಡಿಸೋ ಇಂಜೆಕ್ಷನ್, ಕೊಡ್ತಾರೆ. ಜೊತೆಗಿರೋ ಅಡ್ರಿನಲಿನ್ ರಕ್ತನಾಳ ಕುಗ್ಗಿಸಿ ಮದ್ದನ್ನ ಅಲ್ಲೇ ಹಿಡಿದಿಡುತ್ತೆ, ಆದ್ರೆ ಹೃದಯಕ್ಕೂ ಮುಟ್ಟುತ್ತೆ. ಹಾಗಾಗಿ ಚೇರ್ ಮೇಲೆ ಕೂರಿಸೋ ಮೊದಲೇ ಕೇಳಿ. "ಏನಾದ್ರೂ ಕಾಯಿಲೆ ಇದೆಯಾ" ಅಂದ್ರೆ ಇಲ್ಲ ಅಂತಾರೆ, "ಅಜ್ಜಿ, ಬೆಳಿಗ್ಗೆ ಯಾವ್ಯಾವ ಮಾತ್ರೆ ತಗೊಂಡ್ರಿ, ರಕ್ತ ತೆಳು ಮಾಡೋ ಮಾತ್ರೆ ಇದೆಯಾ" ಅಂತ ಕೇಳಿದ್ರೆ ಚೀಲದಿಂದ ಸ್ಟ್ರಿಪ್ಪೇ ತೆಗೆದು ತೋರಿಸ್ತಾರೆ. ಅದನ್ನ ಹಾಗೇ ಡಾಕ್ಟ್ರಿಗೆ ತೋರಿಸಿ, ನೀವಾಗೇ ನಿಲ್ಲಿಸಿ ಅಂತ ಹೇಳ್ಬೇಡಿ.

ಕೆಳದವಡೆಗೆ ಬ್ಲಾಕ್ ಕೊಟ್ರೆ ಆ ಕಡೆ ಅರ್ಧ ತುಟಿಯೂ ಜೋಮು ಹಿಡಿಯುತ್ತೆ, ಒಂದೇ ನರದ ಕೊಂಬೆಗಳು ಹಲ್ಲಿಗೂ ತುಟಿಗೂ ಹೋಗ್ತವೆ. ಮಕ್ಕಳು ಆ ತುಟಿ ವಿಚಿತ್ರ ಅನ್ಸಿ ಜಗಿದು ಜಗಿದು ಗಾಯ ಮಾಡ್ಕೊಳ್ತಾರೆ, ಮರುದಿನ ಊದಿರೋ ತುಟಿ ನೋಡಿ ತಾಯಂದ್ರು ಗಾಬರಿಯಾಗಿ ಓಡಿ ಬರ್ತಾರೆ. ಮಗು ಹೊರಡೋ ಮುಂಚೆ ಬಾಗಿಲ ಹತ್ರ ತಾಯಿಗೆ ಹೇಳಿ: ಎರಡು ಮೂರು ಗಂಟೆ ಜೋಮು ಇರುತ್ತೆ, ಅದು ಬಿಡೋವರೆಗೂ ತಿನ್ನೋಕೆ ಕೊಡಬೇಡಿ, ತುಟಿ ಕಚ್ತಾ ಇದಾನಾ ಅಂತ ಆಗಾಗ ನೋಡ್ತಿರಿ.