ಶೋಲಾಕಿಳಿಯನ್ನು ಗುರುತಿಸುವುದು ಹೇಗೆ?

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತು ಹೆಜ್ಜಾರ್ಲೆಗಳನ್ನು ನೋಡುತ್ತ ಪಕ್ಷಿವೀಕ್ಷಣೆ ಕಲಿತ ಮೈಸೂರಿನವರು ಮೊದಲ ಬಾರಿಗೆ ಶೋಲಾ ಕಾಡಿಗೆ, ಅಂದರೆ ಎತ್ತರದ ಬೆಟ್ಟಗಳ ಹುಲ್ಲುಗಾವಲುಗಳ ನಡುವೆ ತುಂಡುತುಂಡಾಗಿ ಬೆಳೆಯುವ ನಿತ್ಯಹಸಿರಿನ ಕಾಡಿಗೆ, ಹೋದಾಗ ಬರಿಗೈಯಲ್ಲಿ ಮರಳುವುದೇ ಹೆಚ್ಚು. ಅಲ್ಲಿನ ಪುಟ್ಟ ಹಕ್ಕಿ ಶೋಲಾಕಿಳಿ ಹತ್ತಡಿ ದೂರದ ಪೊದೆಯಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಹೆಸರಿನಲ್ಲಿರುವ ‘ಕಿಳಿ’ ನಮ್ಮ ಗಿಳಿಯಲ್ಲ. ಮಲಯಾಳದಲ್ಲಿ ಆ ಪದಕ್ಕೆ ಹಕ್ಕಿ ಎಂದೇ ಅರ್ಥ.

ಮೊದಲು ತಾವು ನಿಂತಿರುವ ಬೆಟ್ಟ ಯಾವುದೆಂಬುದನ್ನು ಬರೆದುಕೊಳ್ಳಬೇಕು. ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ, ಅಂದರೆ ನೀಲಗಿರಿ, ಬ್ರಹ್ಮಗಿರಿ ಮತ್ತು ಬಾಬಾಬುಡನ್‌ಗಿರಿಗಳಲ್ಲಿ ಇರುವುದು ನೀಲಗಿರಿ ಶೋಲಾಕಿಳಿ. ದಕ್ಷಿಣದ ಆನೆಮಲೆ, ಪಳನಿ ಬೆಟ್ಟಗಳಲ್ಲಿರುವುದು ಬಿಳಿಹೊಟ್ಟೆಯ ಶೋಲಾಕಿಳಿ. ಇನ್ನೂ ಕೆಳಗೆ, ಶೆಂಕೋಟೆ ಕಣಿವೆಯ ಆಚೆಗಿನ ಆಶಾಂಬು ಬೆಟ್ಟಗಳ ರೂಪವನ್ನು 2017ರಲ್ಲಿ ಪ್ರತ್ಯೇಕವಾಗಿ ವರ್ಣಿಸಲಾಯಿತು. ಅದನ್ನು ಕೆಲವರು ಬೇರೆ ಪ್ರಭೇದವೆಂದೂ ಕೆಲವರು ಉಪಪ್ರಭೇದವೆಂದೂ ಎಣಿಸುತ್ತಾರೆ. ಮೂರಕ್ಕೂ ಸೇರಿದ ‘ಶೋಲಿಕೋಲಾ’ ಎಂಬ ವೈಜ್ಞಾನಿಕ ಕುಲನಾಮವೂ (ಜೀನಸ್) ಅದೇ ವರ್ಷದ್ದು.

ಬಳಿಕ ಕಿವಿಗೆ ಕೆಲಸ ಕೊಡಬೇಕು. ಹಾಡು ನಸುಕಿನಲ್ಲೇ ಆರಂಭವಾಗುತ್ತದೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದರಿಂದ ಹಿಂದಿನ ಸಂಜೆಯೇ ಊಟಿ ಸೇರಿರುವುದು ಲೇಸು. ತಾರಕದ ಸಿಳ್ಳೆಗಳ ನಡುವೆ ಜೀರುಂಡೆಯಂಥ ಕರಕರ ಸ್ವರ ಬೆರೆತ ಹಾಡು ನೆಲದ ಮಟ್ಟದಿಂದ ಬರುತ್ತಿದ್ದರೆ ಅಲ್ಲಿಯೇ ಅಲುಗಾಡದೆ ಕುಳಿತುಕೊಳ್ಳಿ. ಧ್ವನಿಮುದ್ರಿಕೆ ಹಾಕಿ ಹಕ್ಕಿಯನ್ನು ಹೊರಗೆಳೆಯುವ ಅಭ್ಯಾಸವನ್ನು ಈ ಲೇಖಕ ಒಪ್ಪುವುದಿಲ್ಲ. ಅಂಗೈಯಗಲದ ಕಾಡಿನಲ್ಲಿ ನೆಲೆ ಕಾಯುವ ಹಕ್ಕಿಗೆ ಅದು ಬರಿಯ ಪೀಡೆ.

ಕಾದವರಿಗೆ ಕಾಣುವುದು ಕೆಲವೇ ಕ್ಷಣ. ಜರೀಗಿಡದ ಬುಡದಲ್ಲಿ ಒದ್ದೆ ತರಗೆಲೆಯೊಂದು ಮಗುಚುತ್ತದೆ, ಉದ್ದ ಕಾಲಿನ ಗುಂಡು ಹಕ್ಕಿಯೊಂದು ಎರಡು ಹೆಜ್ಜೆ ಕುಪ್ಪಳಿಸಿ ನೆಟ್ಟಗೆ ನಿಲ್ಲುತ್ತದೆ, ಮರುಕ್ಷಣ ಮಾಯವಾಗುತ್ತದೆ. ಗಾತ್ರದಲ್ಲಿ ಅದು ನಮ್ಮ ಹಿತ್ತಲಿನ ಮಡಿವಾಳ ಹಕ್ಕಿಗಿಂತ ಚಿಕ್ಕದು, ಬಾಲವೂ ಮೋಟು. ಆ ಕ್ಷಣದಲ್ಲಿ ಬೆನ್ನಿನ ನೀಲಿಯನ್ನು ನೋಡುತ್ತ ಕೂರಬಾರದು, ಏಕೆಂದರೆ ಶೋಲಾದ ನೆರಳಿನಲ್ಲಿ ಎಲ್ಲ ನೀಲಿಯೂ ಕಪ್ಪೇ. ದುರ್ಬೀನನ್ನು ಹೊಟ್ಟೆಯ ಪಕ್ಕೆಗೆ ಹಿಡಿಯಬೇಕು. ಪಕ್ಕೆ ಇಟ್ಟಿಗೆಗೆಂಪಾಗಿದ್ದು ನಡುಹೊಟ್ಟೆ ಬೆಳ್ಳಗಿದ್ದರೆ ನೀಲಗಿರಿಯದು; ಪಕ್ಕೆಯಲ್ಲಿ ಕೆಂಪಿಲ್ಲದೆ ಬೂದುನೀಲಿಯೇ ಇದ್ದು, ಹುಬ್ಬು ಇನ್ನಷ್ಟು ಎದ್ದು ಕಂಡರೆ ದಕ್ಷಿಣದ್ದು. ಗಂಡುಹೆಣ್ಣುಗಳು ಹೆಚ್ಚುಕಡಿಮೆ ಒಂದೇ ತೆರ.

ಮೋಸಗೊಳಿಸುವವು ಎರಡು. ಹಿಮಾಲಯದಿಂದ ಚಳಿಗಾಲಕ್ಕೆ ಬರುವ ನೀಲಿ ರಾಬಿನ್ನಿನ ಗಂಡಿಗೆ ಗಂಟಲಿನಿಂದಲೇ ಕಿತ್ತಳೆ ಬಣ್ಣವಿರುತ್ತದೆ. ಬಿಳಿಹೊಟ್ಟೆಯ ನೀಲಿ ನೊಣಹಿಡುಕ ನೆಲದಲ್ಲಿ ಎಲೆ ಮಗುಚದೆ ಕೆಳಗೊಂಬೆಯ ಮೇಲೆ ಕೂರುತ್ತದೆ.

ಊಟಿಯಲ್ಲಿ ತೆಗೆದ ಚಿತ್ರದಲ್ಲಿ ಪಕ್ಕೆ ಬೂದಾಗಿ ಕಂಡರೆ ಹೊಸದೇನೋ ಸಿಕ್ಕಿತೆಂದು ಹಿಗ್ಗುವ ಮೊದಲು ಬೆಳಕನ್ನೇ ಅನುಮಾನಿಸಬೇಕು. ಟಿಪ್ಪಣಿ ಪುಸ್ತಕದಲ್ಲಿ ‘ಶೋಲಾಕಿಳಿ, ಬೆಳಿಗ್ಗೆ 6.40, ಪಕ್ಕೆ ಸರಿಯಾಗಿ ಕಾಣಲಿಲ್ಲ’ ಎಂದಷ್ಟೇ ಬರೆದರೂ ಸಾಕು.