ಒಳಾಂಗಣ ಕೋರ್ಟಿನಲ್ಲಿ ಮಕ್ಕಳ ಶಟಲ್ ಫೋಟೊ: ಮಸುಕು ಹೋಗಿದ್ದು ಹೀಗೆ

ಬಳ್ಳಾರಿಯ ಒಳಾಂಗಣ ಕೋರ್ಟು. ಮಕ್ಕಳ ಮುಖ ಸ್ಪಷ್ಟ ಬಂದರೂ ಕೈ, ರ‍್ಯಾಕೆಟ್ ಮಸುಕು. ಕೆಲವು ಫೋಟೊಗಳಲ್ಲಿ ಅಡ್ಡಡ್ಡ ಕಂದು ಪಟ್ಟಿ ಬೇರೆ.

ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವ ಲೆನ್ಸ್) ಇಟ್ಟುಕೊಂಡು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದರೆ ಚಿತ್ರವೆಲ್ಲ ರವೆ ಚೆಲ್ಲಿದ ಹಾಗೆ. ಫ್ಲ್ಯಾಶ್ ಆಡುವ ಮಕ್ಕಳ ಕಣ್ಣಿಗೆ ಹೊಡೆಯುತ್ತದೆ, ಬೇಡವೇ ಬೇಡ.

ಕೆಲಸ ಮಾಡಿದ್ದು 85 ಎಂಎಂ ಎಫ್/1.8 ಲೆನ್ಸ್. ಎಫ್ ಅಂದರೆ ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಲೆಕ್ಕ, ಅಂಕಿ ಕಡಿಮೆಯಾದಷ್ಟೂ ಬೆಳಕು ಹೆಚ್ಚು. ಎಫ್/5.6ಕ್ಕಿಂತ ಎಫ್/2ರಲ್ಲಿ ಸುಮಾರು 8 ಪಟ್ಟು ಬೆಳಕು ಸಿಗುತ್ತದೆ. ಮ್ಯಾನುಯಲ್ ಮೋಡ್ (ಎಲ್ಲ ನಾವೇ ಹೊಂದಿಸುವುದು), ಮೊದಲು ಶಟರ್ 1/640 ಸೆಕೆಂಡ್, ಆಮೇಲೆ ಎಫ್/2, ಕೊನೆಗೆ ಐಎಸ್‌ಒ 3200. ಕತ್ತಲೆನಿಸಿದರೆ ಐಎಸ್‌ಒ ಏರಿಸಿ, ಶಟರ್ ಮುಟ್ಟಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಪಟ್ಟಿ ಅದರದ್ದೇ. ಕ್ಯಾಮೆರಾದ ಆಂಟಿ-ಫ್ಲಿಕರ್ (ಮಿನುಗು ತಡೆಯುವ) ಸೆಟ್ಟಿಂಗ್ ಆನ್ ಮಾಡಿದ ಮೇಲೆ ಬಹುಪಾಲು ಹೋಯಿತು.

ನೆಟ್ಟಿನ ಆಚೆ ಮೂಲೆಯಲ್ಲಿ ನೆಲಕ್ಕೆ ಕೂತು ಕ್ಯಾಮೆರಾ ನಿಲುವಾಗಿ ಹಿಡಿಯಿರಿ. ಸ್ಮ್ಯಾಶ್‌ಗೆ ರ‍್ಯಾಕೆಟ್ ಮೇಲೇಳುತ್ತದೆ ಅಲ್ವಾ, ತಲೆಯ ಮೇಲೆ ಜಾಗ ಜಾಸ್ತಿ ಬಿಡಿ.